ನಮ್ಮ ಮನೆಯವರ ಮಾತ್ರೆ

ಕುಡಿಯುತ್ತಿದ್ದವಳು ನಾನು. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಬಾಯಿಬಿಟ್ಟು ಹೇಳಿದಾಗ ನಂಬುವ ಪುಣ್ಯಾತ್ಮರು ಸಿಗಲಿಲ್ಲ. ನನ್ನ ಗಂಡ ಕುಡಿದವರಲ್ಲ. ಮದುವೆಗೆ ಹೋದ ಕಡೆ ನೆಂಟರ ಹುಡುಗರು ಹಿತ್ತಲಲ್ಲಿ ಬಾಟಲಿ ತೆರೆದರೆ ಅತ್ತ ತಲೆಯೂ ಹಾಕದೆ ಊಟ ಮುಗಿಸಿ ಬಸ್ಸು ಹತ್ತುವ ಪೈಕಿ. ಅಡಿಕೆ ಮಂಡಿಯೊಂದರಲ್ಲಿ ಗುಮಾಸ್ತರು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಹೋದರೆ ಸಂಜೆ ಅದೇ ವಿಭೂತಿಯಲ್ಲಿ ವಾಪಸ್ಸು ಬರುತ್ತಾರೆ. ಮನೆಯಲ್ಲೂ ಮಾತಿಲ್ಲ, ಹೊರಗೂ ಮಾತಿಲ್ಲ. ನಾನು ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಒಂದು ಸಣ್ಣ ಮಳಿಗೆ ಹಿಡಿದು ರವಿಕೆ ಹೊಲಿಯುತ್ತೇನೆ. ನಮಗೆ ಒಬ್ಬಳೇ ಮಗಳು, ಈಗ ಹೈಸ್ಕೂಲು.

ಕಾರಣ ಬೇಕಂತೆ ಜನಕ್ಕೆ. ಗಂಡ ಹೊಡೆಯುತ್ತಿದ್ದನಾ, ಅತ್ತೆ ಕಾಟವಾ, ಮಗು ಹೋಯಿತಾ. ಯಾವುದೂ ಇಲ್ಲ. ನನ್ನ ತವರು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್. ಬಾಣಂತನಕ್ಕೆ ಅಲ್ಲಿಗೆ ಹೋದಾಗ ಪಕ್ಕದ ಮನೆಯ ತಮಿಳು ಅಮ್ಮ, ಮೈಗೆ ಶೀತ ಹಿಡಿಯಬಾರದು ಅಂತ, ನಮ್ಮಮ್ಮನ ಕಣ್ಣು ತಪ್ಪಿಸಿ ಎರಡು ಚಮಚ ಬ್ರಾಂದಿ ಕುಡಿಸಿದಳು. ಆ ಸಾಲಿನ ಎಲ್ಲ ಬಾಣಂತಿಯರಿಗೂ ಆಕೆ ಕೊಟ್ಟಿದ್ದಳು, ಎಲ್ಲರೂ ಬಾಣಂತನ ಮುಗಿಸಿ ಮಕ್ಕಳನ್ನು ಎತ್ತಿಕೊಂಡು ಗಂಡನ ಮನೆಗೆ ಹೋದರು. ನನಗೆ ರುಚಿ ಹತ್ತಿತು, ಅಷ್ಟೆ. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ.

ಹದ ತಪ್ಪಿದ್ದು ಆಮೇಲೆ. ಬೆಳಿಗ್ಗೆ ಒಂದು ಬ್ರಾಂದಿ ಪ್ಯಾಕೆಟ್ ಒಳಗೆ ಹೋಗದೆ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಮಧ್ಯಾಹ್ನ ಮಳಿಗೆಯ ಶಟರ್ ಅರ್ಧ ಇಳಿಸಿ ಸ್ಟೀಲ್ ಲೋಟದಲ್ಲಿ ಕುಡಿಯುತ್ತಿದ್ದೆ. ಮದ್ಯದಂಗಡಿಯಲ್ಲಿ ನನಗೆ ಎಂದೂ ತೊಂದರೆಯಾಗಲಿಲ್ಲ. ಪಾಪ, ಗಂಡ ಕಳಿಸಿದ್ದಾನೆ ಅಂತ ಗಂಡಸರೆಲ್ಲ ಪಕ್ಕಕ್ಕೆ ಸರಿದು ನನಗೆ ಮೊದಲು ಜಾಗ ಬಿಡುತ್ತಿದ್ದರು. ಒಂದು ಸಲ ಮದುಮಗಳ ರವಿಕೆಗೆ ಎರಡೂ ಎಡತೋಳು ಕೂರಿಸಿಬಿಟ್ಟೆ. ಮುಹೂರ್ತ ಮಾರನೆಯ ದಿನ. ಹುಡುಗಿಯ ತಾಯಿ ಮಳಿಗೆಯ ಮುಂದೆ ನಿಂತು ಬಾಯಿಗೆ ಬಂದಂತೆ ಬೈದಳಂತೆ. ನಾನು ಮೇಜಿಗೆ ತಲೆಯಿಟ್ಟು ಮಲಗಿದ್ದೆನಂತೆ. ಸ್ಕೂಲಿನಿಂದ ಬಂದ ಮಗಳು ಆ ತೋಳು ಬಿಚ್ಚುತ್ತ, ಅಮ್ಮನಿಗೆ ಜ್ವರ, ಬೈಬೇಡಿ ಅಂತ ಗೋಗರೆದಳಂತೆ. ಇದನ್ನೆಲ್ಲ ಮರುದಿನ ಕೇಳಿದ ಮೇಲೆ, ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಅಂತ ಗಂಡನಿಗೆ ನಾನೇ ಹೇಳಿದೆ.

ಮನೋವೈದ್ಯರ ಕ್ಲಿನಿಕ್ಕಿನಲ್ಲಿ ಹೊರಗೆ ಕೂತಿದ್ದ ಹುಡುಗಿ ಏನು ತೊಂದರೆ ಅಂತ ಕೇಳಿದಳು, ಕುಡಿತ ಅಂದೆ. ಅಷ್ಟೇ ಸಾಕಾಯಿತು, ನನ್ನ ಗಂಡನತ್ತ ತಿರುಗಿ ಅವರ ಹೆಸರು, ವಯಸ್ಸು ಬರೆದುಕೊಂಡಳು. ಒಳಗೆ ಡಾಕ್ಟರೂ ಅವರನ್ನೇ ಕೇಳಿದರು, ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಅಂತ. ನಾನಲ್ಲ ಸರ್ ಅಂದರು ಇವರು. ಶುರುವಿನಲ್ಲಿ ಎಲ್ಲರೂ ಹೇಳುವುದು ಅದನ್ನೇ ಅಂತ ಡಾಕ್ಟರು ನಕ್ಕರು. ನನಗೆ ರೇಗಿಹೋಯಿತು. ಎರಡೂ ಕೈಗಳನ್ನು ಅವರ ಮೇಜಿನ ಮೇಲೆ ಚಾಚಿಟ್ಟೆ. ಅವು ನಡುಗುವುದನ್ನು ನೋಡಿದ ಮೇಲೆ ನಗು ನಿಂತಿತು. ರಕ್ತ ಪರೀಕ್ಷೆ ಆಯಿತು, ಲಿವರ್ ಇನ್ನೂ ತಡೆದುಕೊಂಡಿದೆ ಅಂದರು. ಕುಡಿಯಬೇಕೆನ್ನುವ ಆಸೆಯನ್ನೇ ತಗ್ಗಿಸುವ ಒಂದು ಮಾತ್ರೆ ಬರೆದರು. ಚೀಟಿಯ ಮೇಲೆ ಗಂಡನ ಹೆಸರೇ ಇತ್ತು. ತಿದ್ದಿ ಕೊಡಿ ಅಂದೆ.

"ಇರ್ಲಿ ಬಿಡಿಯಮ್ಮ. ಹೆಣ್ಣುಮಗಳ ಹೆಸರಲ್ಲಿ ಇಂಥಾ ಚೀಟಿ ಯಾಕೆ? ನಾಳೆ ಮಗಳಿಗೆ ಗಂಡು ನೋಡ್ಬೇಕಾಗುತ್ತೆ."

ನನ್ನ ಗಂಡ ಹೌದೆಂದು ತಲೆಯಾಡಿಸಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು ಅದು. ಆ ಡಾಕ್ಟರ ಮೇಲೆ ನನಗೇನೂ ಸಿಟ್ಟಿಲ್ಲ ಅಂತ ಬರೆಯಲು ಹೊರಟೆ, ಅದು ಸುಳ್ಳು. ಸಿಟ್ಟಿದೆ.

ಆ ಮಾತ್ರೆಯನ್ನು ಅಂಗಡಿಯವರು ಇಡುವುದಿಲ್ಲ. ನಮ್ಮ ರಸ್ತೆಯ ಮೆಡಿಕಲ್ ಶಾಪುಗಳನ್ನೆಲ್ಲ ಹತ್ತಿ ಇಳಿದೆ. ಬಿಪಿ ಮಾತ್ರೆ, ಶುಗರ್ ಮಾತ್ರೆ, ಗ್ಯಾಸ್ ಮಾತ್ರೆ ರಾಶಿ ಬಿದ್ದಿವೆ. ಇದೊಂದು ಓಡುವುದಿಲ್ಲವಂತೆ, ತರಿಸಿಟ್ಟರೆ ಡೇಟ್ ಮುಗಿದು ಬಿಸಾಡಬೇಕಂತೆ. ಒಬ್ಬ ಅದರ ಬದಲು ಬೇರೆ ಇದೆ ಅಂದ, ಅದು ಕುಡಿದರೆ ವಾಂತಿ ಬರಿಸುವ ಮಾತ್ರೆ. ಕೌಂಟರಿನ ಮೇಲೆ ಬಾಗಿ ದನಿ ತಗ್ಗಿಸಿ, ಪುಡಿ ಮಾಡಿ ಸಾರಿಗೆ ಕಲಸಿಬಿಡಿ ಅಕ್ಕ, ಯಜಮಾನ್ರಿಗೆ ಗೊತ್ತೇ ಆಗಲ್ಲ ಅಂತ ಬುದ್ಧಿ ಹೇಳಿದ. ನಮ್ಮ ಯಜಮಾನರು ಕುಡಿಯುವುದಿಲ್ಲ, ಮಾತ್ರೆ ನನಗೆ ಅಂದೆ. ಅವನ ಕಣ್ಣು ತುಂಬಿ ಬಂತು. ಗಂಡನ ತಪ್ಪನ್ನು ತಲೆ ಮೇಲೆ ಹೊತ್ತುಕೊಳ್ಳುವ ಇಂಥ ಹೆಂಡತಿ ಸಿಗಲು ಪುಣ್ಯ ಮಾಡಿರಬೇಕು ಅಂದ. ಅವನ ತಲೆಯನ್ನೋ ನನ್ನ ತಲೆಯನ್ನೋ ಆ ಗಾಜಿನ ಕೌಂಟರಿಗೆ ಚಚ್ಚಬೇಕು ಅನ್ನಿಸಿತು.

ಅಂಗಡಿಯವರಲ್ಲಿ ನಂಬಿದವನು ಒಬ್ಬನಿದ್ದ, ಅವನದ್ದೂ ಕೇಳಿ. ಬಜಾರಿನ ಒಳಗಿನ ಹಳೆಯ ಅಂಗಡಿ. ಒಳಗಿಂದ ಸ್ಟ್ರಿಪ್ ತಂದು ಕವರಿಗೆ ಹಾಕುತ್ತ, ಹೇಗೆ ತಗೊಳ್ಳಬೇಕು ಅಂತ ಯಜಮಾನರಿಗೆ ಡಾಕ್ಟರು ಹೇಳಿದ್ದಾರಲ್ಲ ಅಂದ. ನನಗೇ ಹೇಳಿದ್ದಾರೆ, ತಗೊಳ್ಳುವವಳು ನಾನು ಅಂದೆ. ಅವನ ಕೈ ನಿಂತಿತು. ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದ, ತಾಳಿ ನೋಡಿದ, ಹಣೆಯ ವಿಭೂತಿ ನೋಡಿದ. ಅಲ್ಲಿಯ ತನಕ ಅಕ್ಕ ಅನ್ನುತ್ತಿದ್ದವನು ಅದನ್ನೂ ನಿಲ್ಲಿಸಿದ. ಚೀಟಿಯಲ್ಲಿ ಗಂಡಸಿನ ಹೆಸರಿದೆ, ಹೆಂಗಸಿಗೆ ಕೊಟ್ಟು ನಾಳೆ ಏನಾದರೂ ಆದರೆ ನನ್ನ ತಲೆಗೆ ಬರುತ್ತದೆ ಅಂತ ಸ್ಟ್ರಿಪ್ಪನ್ನು ಕವರಿನಿಂದ ತೆಗೆದು ಒಳಗೆ ಇಟ್ಟುಬಂದ. ಸಂಜೆ ನನ್ನ ಗಂಡ ಹೋಗಿ ಅದೇ ಚೀಟಿ ತೋರಿಸಿದರು, ಅದೇ ಸ್ಟ್ರಿಪ್ ಕೊಟ್ಟ. ಅವತ್ತಿನಿಂದ ಅಂಗಡಿಗೆ ಹೋಗುವ ಕೆಲಸ ಅವರ ಪಾಲಿಗೆ ಬಂತು.

ಮಾತ್ರೆ ಕೆಲಸ ಮಾಡಿತು. ಕುಡಿತ ಬಿಡಲು ಮನಸ್ಸು ಗಟ್ಟಿ ಇದ್ದರೆ ಸಾಕು, ಮಾತ್ರೆ ಗೀತ್ರೆ ಯಾಕೆ ಅಂತ ಉಪದೇಶ ಮಾಡುವವರಿಗೆ ಇದನ್ನು ಒತ್ತಿ ಹೇಳಬೇಕು. ಮೊದಲು ಸಂಜೆಯಾದರೆ ಕಾಲು ತಾನಾಗಿಯೇ ಮದ್ಯದಂಗಡಿಯ ದಾರಿ ಹಿಡಿಯುತ್ತಿತ್ತು. ಈಗ ಅದರ ನೆನಪೇ ಆಗದೆ ಇಡೀ ದಿನ ಕಳೆದುಹೋಗುತ್ತಿತ್ತು. ರಾತ್ರಿ ಮಲಗುವಾಗ ಅಯ್ಯೋ, ಇವತ್ತು ನೆನಪೇ ಆಗಲಿಲ್ಲವಲ್ಲ ಅಂತ ಆಶ್ಚರ್ಯವಾಗುತ್ತಿತ್ತು. ಎಡತೋಳು ಎಡಕ್ಕೆ, ಬಲತೋಳು ಬಲಕ್ಕೆ ಕೂತವು. ಮಗಳು ಸ್ಕೂಲು ಬಿಟ್ಟಮೇಲೆ ಮಳಿಗೆಗೆ ಬಂದು ನನ್ನ ಕಾಲ ಬಳಿ ಕೂತು ಹೋಂವರ್ಕ್ ಮಾಡತೊಡಗಿದಳು. ಎಷ್ಟು ಖುಷಿಯಾಗಿದ್ದೆ ಅಂದರೆ, ಬಟ್ಟೆ ಕತ್ತರಿಸುತ್ತ ಹಾಡು ಹೇಳಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಆ ಡಾಕ್ಟರು ಕ್ಲಿನಿಕ್ ಮುಚ್ಚಿ ಬೇರೆ ಊರಿಗೆ ಹೋದರು. ಹಳೆಯ ಚೀಟಿಗೆ ಅಂಗಡಿಯಲ್ಲಿ ಮಾತ್ರೆ ಕೊಡಲಿಲ್ಲ. ಇನ್ನೊಬ್ಬ ಡಾಕ್ಟರು ಚೀಟಿಯ ಮೇಲಿನ ಹೆಸರು ಓದಿ, ಈ ಪೇಷಂಟ್ ಮೊದಲು ಅಡ್ಮಿಟ್ ಆಗಲಿ, ಆಮೇಲೆ ನೋಡೋಣ ಅಂದರು. ಪೇಷಂಟ್ ಅಂದರೆ ನನ್ನ ಗಂಡ. ಕುಡಿಯುವವಳು ನಾನು ಅಂದಾಗ, ನೀವೂ ಕುಡಿಯುತ್ತೀರಾ ಅಂತ ಕೇಳಿ, ಗಂಡ ಹೆಂಡತಿ ಇಬ್ಬರನ್ನೂ ಒಟ್ಟಿಗೆ ನೋಡುವುದಿಲ್ಲ, ಮೊದಲು ಅವರದ್ದು ಮುಗಿಯಲಿ ಅಂದರು. ಸರ್ಕಾರಿ ಆಸ್ಪತ್ರೆಗೆ ಹೋಗುವ ಹಾಗಿಲ್ಲ, ಅಲ್ಲಿ ನನ್ನ ನಾದಿನಿ ನರ್ಸು. ಅವಳ ಕಿವಿಗೆ ಬಿದ್ದರೆ ಸಂಜೆಯೊಳಗೆ ಗಾಜನೂರಿನಲ್ಲಿರುವ ನಮ್ಮ ಅತ್ತೆಗೆ ತಲುಪುತ್ತದೆ, ಅಲ್ಲಿಂದ ಇಡೀ ಊರಿಗೆ. ಸ್ಟ್ರಿಪ್ ಖಾಲಿಯಾಗಿ ವಾರ ಕಳೆಯುವುದರೊಳಗೆ ಸ್ಟೀಲ್ ಲೋಟ ಮತ್ತೆ ಮೇಜಿಗೆ ಬಂತು. ಮಗಳು ಮಳಿಗೆಗೆ ಬರುವುದನ್ನು ಬಿಟ್ಟಳು, ಯಾಕೆ ಅಂತ ನಾನೂ ಕೇಳಲಿಲ್ಲ.

ಭದ್ರಾವತಿಯಲ್ಲಿ ನನ್ನ ಅಣ್ಣನ ಹೆಂಡತಿಗೆ ಮಾತ್ರ ನನ್ನ ವಿಷಯ ಗೊತ್ತು. ಅವಳು ಫೋನ್ ಮಾಡಿ, ಹೊಳೆಹೊನ್ನೂರು ರಸ್ತೆಯ ಒಂದು ಕಲ್ಯಾಣ ಮಂಟಪದಲ್ಲಿ ಕುಡಿತ ಬಿಡಿಸುವ ಶಿಬಿರ ಇಡುತ್ತಿದ್ದಾರೆ ಅಂದಳು. ಊರಿನ ಕೆಲವು ಹಿರಿಯರು ಸೇರಿ ಮಾಡುವುದು. ಡಾಕ್ಟರು ಅಲ್ಲಿಗೇ ಬರುತ್ತಾರೆ, ಇದೇ ಮಾತ್ರೆ ಪುಕ್ಕಟೆ ಕೊಡುತ್ತಾರೆ, ಶಿಬಿರ ಮುಗಿದ ಮೇಲೂ ತಿಂಗಳು ತಿಂಗಳು ಸಭೆ ಕರೆದು ಕೊಡುತ್ತಾರಂತೆ. ಮರುದಿನವೇ ಅವಳ ಜೊತೆ ಹೋಗಿ ಅವರಲ್ಲಿ ಮುಖ್ಯರಾದ ಹಿರಿಯರೊಬ್ಬರ ಮುಂದೆ ಕೂತೆ. ಶಾಲು ಹೊದ್ದ ದೊಡ್ಡ ಮನುಷ್ಯರು, ನೆಟ್ಟಗೆ ಕೂತು ಎಲ್ಲ ಕೇಳಿಸಿಕೊಂಡರು. ನಾನು ಒಂದನ್ನೂ ಮುಚ್ಚಿಡಲಿಲ್ಲ. ಹೆಂಗಸರಿಗೆ ಶಿಬಿರ ಇಲ್ಲ, ಅಷ್ಟೂ ಜನ ಗಂಡಸರು ಹಾಲ್‌ನಲ್ಲಿ ಚಾಪೆ ಹಾಕಿ ಮಲಗುತ್ತಾರೆ, ಅವರ ನಡುವೆ ನಿಮ್ಮನ್ನು ಎಲ್ಲಿ ಇಡುವುದು ಅಂದರು. ಶಿಬಿರ ಬೇಡ, ಮಾತ್ರೆ ಕೊಡಿ ಸಾಕು ಅಂದೆ. ಶಿಬಿರಕ್ಕೆ ಸೇರದವರಿಗೆ ಮಾತ್ರೆ ಇಲ್ಲ ಅಂದರು. ಆಮೇಲೆ ಮೆಲ್ಲಗೆ ಮುಂದಕ್ಕೆ ಬಾಗಿದರು.

"ಗಂಡನ ಮಾನ ಕಾಯ್ಬೇಕು ಅಂತ ನೀನು ಇಷ್ಟು ಹೇಳ್ತಿದೀಯ. ನಂಗೂ ಹೆಣ್ಣುಮಕ್ಕಳಿದಾರೆ, ಅರ್ಥ ಆಗುತ್ತೆ ತಾಯಿ. ಅವನನ್ನ ಕಳ್ಸು, ಸರಿ ಮಾಡಿ ಕಳಿಸ್ತೀವಿ."

ಅತ್ತಿಗೆ ನನ್ನ ಮೊಣಕೈ ಹಿಡಿದು ಎಬ್ಬಿಸದಿದ್ದರೆ ಆ ಶಾಲು ಹಿಡಿದು ಎಳೆದುಬಿಡುತ್ತಿದ್ದೆ. ಸುಮ್ನಿರು ಮಾರಾಯ್ತಿ, ಜನ ನೋಡ್ತಿದಾರೆ ಅಂತ ಅವಳು ಗೇಟಿನ ತನಕ ನನ್ನನ್ನು ದೂಡಿಕೊಂಡೇ ಬಂದಳು. ಮನೆಗೆ ಬಂದು ಇದನ್ನೆಲ್ಲ ಕೂಗಾಡಿ ಹೇಳಿದೆ. ನನ್ನ ಗಂಡ ಊಟದ ತಟ್ಟೆಯಲ್ಲೇ ಕೈ ತೊಳೆದು, ನಾನೇ ಹೋಗ್ತೀನಿ ಅಂದರು. ತಮಾಷೆ ಅಂದುಕೊಂಡೆ. ಬೆಳಿಗ್ಗೆ ನೋಡಿದರೆ ಎರಡು ಪಂಚೆ, ಟವೆಲ್, ವಿಭೂತಿಗಟ್ಟಿ ಚೀಲಕ್ಕೆ ತುಂಬಿಕೊಂಡಿದ್ದರು. ಮಂಡಿಗೆ ಏನು ಹೇಳ್ತೀರಿ ಅಂದರೆ, ಕುಡಿತ ಬಿಡಲು ಹೋಗ್ತೀನಿ ಅಂತಲೇ ಹೇಳ್ತೀನಿ ಅಂದರು. ನನಗೆ ಅಳು ಬಂತು. ಆ ದಿನ ಆ ಮನುಷ್ಯನ ಮೇಲೆ ಹುಟ್ಟಿದ ಪ್ರೀತಿ ಮದುವೆಯಾದ ಹೊಸದರಲ್ಲೂ ಹುಟ್ಟಿರಲಿಲ್ಲ.

ಶಿಬಿರದ ಮಧ್ಯೆ ಒಂದು ದಿನ ಮನೆಯವರು ಹೋಗಿ ನೋಡಬಹುದು. ಹೋದೆ. ಬೆಳಿಗ್ಗೆ ಭಜನೆ, ಯೋಗ, ಆಮೇಲೆ ಭಾಷಣ, ಮಧ್ಯಾಹ್ನ ಊಟವಾದ ಮೇಲೆ ಸಾಲಾಗಿ ನಿಲ್ಲಿಸಿ ಮಾತ್ರೆ ನುಂಗಿಸುತ್ತಾರಂತೆ. ಇವರು ಅದನ್ನು ನಾಲಗೆಯ ಅಡಿಯಲ್ಲಿ ಇಟ್ಟುಕೊಂಡು, ನೀರು ಕುಡಿದ ಹಾಗೆ ಮಾಡಿ, ಹೊರಗೆ ಬಂದು ಕರ್ಚೀಫಿಗೆ ಉಗುಳುತ್ತಿದ್ದರು. ಆ ಕರ್ಚೀಫಿನ ಗಂಟನ್ನು ಪಾತ್ರೆ ತೊಳೆಯುವ ಕಟ್ಟೆಯ ಹಿಂದೆ ನನ್ನ ಕೈಗೆ ಹಾಕಿದರು. ಮಾತ್ರೆಗಳು ಅರ್ಧರ್ಧ ಕರಗಿ ಬಟ್ಟೆಗೆ ಅಂಟಿದ್ದವು. ಒಂದನ್ನು ಅಲ್ಲೇ ಕೆರೆದು ತೆಗೆದು ಬಾಯಿಗೆ ಹಾಕಿಕೊಂಡೆ, ಕಹಿ ಅಂದರೆ ಕಹಿ. ಗಂಡನ ಎಂಜಲು ಅಂತ ಹೇಸಿಗೆಯಾಗಲಿಲ್ಲ. ಉಳಿದದ್ದನ್ನು ಜೋಪಾನವಾಗಿ ಮನೆಗೆ ತಂದು ದಿನಕ್ಕೊಂದರಂತೆ ತಿಂದೆ.

ಕೊನೆಯ ದಿನ ದೊಡ್ಡ ಸಭೆ. ಹೆಂಡತಿಯರಿಗೆ ಮುಂದಿನ ಸಾಲು. ಕುಡಿತ ಬಿಟ್ಟವರು ಒಬ್ಬೊಬ್ಬರಾಗಿ ಮೈಕಿನ ಮುಂದೆ ಬಂದು ತಾವು ಮಾಡಿದ್ದನ್ನು ಹೇಳಬೇಕು, ಆಮೇಲೆ ಹೆಂಡತಿ ಬಂದು ಹಾರ ಹಾಕಬೇಕು, ಆಗ ಒಂದು ತಿಂಗಳ ಮಾತ್ರೆಯನ್ನು ಹೆಂಡತಿಯ ಕೈಗೆ ಕೊಡುತ್ತಾರೆ. ನನ್ನ ಗಂಡ ಏನು ಹೇಳಿಯಾರು ಅಂತ ನನಗೆ ಭಯ. ಹುಟ್ಟಿದಾಗಿನಿಂದ ಮೈಕ್ ಮುಟ್ಟಿದವರಲ್ಲ. ಏನೋ ಎರಡು ಮಾತು ತೊದಲಿ ಇಳಿಯಲಿ ದೇವರೇ ಅಂದುಕೊಂಡೆ. ಅವರು ನೆಲ ನೋಡುತ್ತ ಶುರುಮಾಡಿದರು.

"ಕುಡಿಯೋ ಮುಂಚೆ ಕೊರಳಲ್ಲಿದ್ದ ಲಿಂಗ ತೆಗೆದು ಗೂಡಲ್ಲಿ ಇಡ್ತಿದ್ದೆ. ಮುಖ ಗೋಡೆ ಕಡೆ ತಿರುಗಿಸಿಕೊಂಡು ಕುಡೀತಿದ್ದೆ. ಅಷ್ಟರ ಮಟ್ಟಿಗೆ ನಾಚಿಕೆ ಇತ್ತು."

ನನ್ನ ಕೈ ತಾನಾಗಿ ಕೊರಳಿಗೆ ಹೋಯಿತು. ಹಾಗೆ ಮಾಡುತ್ತಿದ್ದವಳು ನಾನು. ಮನೆಯಲ್ಲಿ ಯಾರೂ ಇಲ್ಲದಾಗ, ಬಾಗಿಲ ಚಿಲಕ ಹಾಕಿ ಮಾಡುತ್ತಿದ್ದೆ. ಇವರು ಎಲ್ಲಿಂದ ನೋಡಿದರು? ಮುಂದೆ ಅಕ್ಕಿ ಡಬ್ಬದೊಳಗೆ ಪ್ಯಾಕೆಟ್ ಹುಗಿದಿಟ್ಟದ್ದು ಹೇಳಿದರು. ಮಗಳ ಸ್ಕೂಲಿನ ವಾರ್ಷಿಕೋತ್ಸವದಲ್ಲಿ ಕುರ್ಚಿಗಳ ಮೇಲೆ ಬಿದ್ದದ್ದು, ಬಸ್ಸಿನಲ್ಲಿ ಸೀರೆ ಒದ್ದೆ ಮಾಡಿಕೊಂಡದ್ದು, ಅಲ್ಲಿ ಸೀರೆ ಅನ್ನುವ ಬದಲು ಪಂಚೆ ಅಂದರು. ಎರಡೂ ಎಡತೋಳು ಹೇಳುವ ಹಾಗಿರಲಿಲ್ಲ, ಮಂಡಿಯ ಲೆಕ್ಕ ತಪ್ಪಿಸಿದೆ ಅಂತ ಮಾಡಿಕೊಂಡರು. ಒಂದನ್ನೂ ಬಿಡಲಿಲ್ಲ. ಅಷ್ಟು ವರ್ಷ ಒಂದು ಮಾತೂ ಆಡದೆ ಪಕ್ಕದಲ್ಲಿ ಊಟ ಮಾಡಿಕೊಂಡಿದ್ದ ಮನುಷ್ಯ ಒಂದೊಂದನ್ನೂ ನೋಡಿ ಒಳಗೆ ಇಟ್ಟುಕೊಂಡಿದ್ದರು. ಪಕ್ಕದಲ್ಲಿದ್ದ ಹೆಂಗಸು ನನ್ನ ತೊಡೆಯ ಮೇಲೆ ಕೈಯಿಟ್ಟು, ಹೆಂಗೆ ತಡ್ಕೊಂಡ್ರಿ ಅಕ್ಕ ಅಂತ ಅತ್ತಳು. ಕಾರ್ಯಕ್ರಮದಲ್ಲಿ ಇಲ್ಲದಿದ್ದರೂ ಹಿರಿಯರು ನನ್ನನ್ನು ಮೇಲೆ ಕರೆದು ತಾವೇ ಶಾಲು ಹೊದಿಸಿದರು. ಭೂಮಿತಾಯಿ ಅಂದರು. ಮಾತ್ರೆಯ ಕವರನ್ನು ನನ್ನ ಎರಡು ಕೈಯಲ್ಲಿಟ್ಟು, ಇನ್ನು ಇವನು ನಿನ್ನ ಕೈಯಲ್ಲಿದ್ದಾನೆ ಅಂದರು. ನಾನು ಕವರನ್ನು ಎದೆಗೆ ಅವುಚಿಕೊಂಡೆ. ಅವಮಾನವೋ ಸಂತೋಷವೋ ನನಗೇ ತಿಳಿಯಲಿಲ್ಲ, ಮಾತ್ರೆ ಸಿಕ್ಕಿತ್ತು.

ಕುಡಿಯದೆ ಇದ್ದ ಅಷ್ಟೂ ವರ್ಷ ನನ್ನ ಗಂಡನಿಗೆ ಯಾರೂ ಹಾರ ಹಾಕಿರಲಿಲ್ಲ. ಈಗ ಮಂಡಿಯ ಸಾಹುಕಾರರು ಕರೆದು ಬೆನ್ನು ತಟ್ಟಿದರು. ಬೀದಿಯಲ್ಲಿ ಜನ ನಿಲ್ಲಿಸಿ ಮಾತಾಡಿಸಿದರು. ತಿಂಗಳಿಗೊಮ್ಮೆ ಭಾನುವಾರ ಭದ್ರಾವತಿಯಲ್ಲಿ ಸಭೆ, ಗಂಡ ಹೆಂಡತಿ ಇಬ್ಬರೂ ಬಂದರೆ ಮಾತ್ರ ಮುಂದಿನ ತಿಂಗಳ ಮಾತ್ರೆ. ಸಭೆಯಲ್ಲಿ ಹೊಸಬರಿಗೆ ಧೈರ್ಯ ಬರಲಿ ಅಂತ ಹಳಬರೊಬ್ಬರು ಮಾತಾಡಬೇಕು. ಎರಡನೆಯ ತಿಂಗಳಿನಿಂದ ಅದು ಇವರ ಕೆಲಸವಾಯಿತು. ಬಿಳಿ ಅಂಗಿ ಹೊಲಿಸಿಕೊಂಡರು, ಹೊಲಿದವಳು ನಾನೇ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ಕಣ್ಣೊರೆಸಿಕೊಳ್ಳಬೇಕು ಅನ್ನುವುದು ಅವರಿಗೆ ಬೇಗ ಬಂದುಬಿಟ್ಟಿತು. ನಾನು ಪ್ರತಿ ಸಲ ಮುಂದಿನ ಸಾಲಿನಲ್ಲಿ ಕೂತು ನನ್ನ ಹೊಲಸನ್ನೆಲ್ಲ ಮೈಕಿನಲ್ಲಿ ಕೇಳಿ, ಎದ್ದು, ಸ್ಟ್ರಿಪ್ ಇಸಿದುಕೊಂಡು ಬರುತ್ತಿದ್ದೆ.

ಕುಡಿಯುತ್ತಿರಲಿಲ್ಲ, ಅದು ನಿಜ. ಕೈಯ ನಡುಕ ನಿಂತಿತ್ತು. ಮಗಳು ಮತ್ತೆ ಮಳಿಗೆಗೆ ಬರುತ್ತಿದ್ದಳು. ಅದನ್ನು ಕಳೆದುಕೊಳ್ಳುವ ಭಯಕ್ಕೆ ಬಾಯಿ ಮುಚ್ಚಿಕೊಂಡಿದ್ದೆ. ಒಂದು ಸಲ ಸಹಿಸಲಾಗದೆ, ಸಾಕು ಮಾಡಿ ನಿಮ್ಮ ಭಾಷಣ ಅಂದೆ. ನಾನು ಮಾತಾಡದಿದ್ರೆ ನಿನಗೆ ಮಾತ್ರೆ ಯಾರು ಕೊಡ್ತಾರೆ ಅಂದರು, ಸಿಟ್ಟಿಲ್ಲದೆ, ಚಪ್ಪಲಿ ಹಾಕಿಕೊಳ್ಳುತ್ತ. ಇನ್ನೊಂದು ಸಲ ಸಭೆಗೆ ಬರುವ ಡಾಕ್ಟರಿಗೇ ಹೇಳಿದೆ, ಈ ಮಾತ್ರೆ ತಿನ್ನುತ್ತಿರುವವಳು ನಾನು ಅಂತ. ಆತ ಬರೆಯುತ್ತಿದ್ದ ಕೈ ನಿಲ್ಲಿಸಿ, ಹಾಗಾದರೆ ಅವರು ತಿನ್ನುತ್ತಿಲ್ಲವಾ ಅಂತ ಗಾಬರಿಯಾದರು. ಯಜಮಾನರ ಮಾತ್ರೆಯನ್ನು ಹೆಂಗಸರು ರುಚಿ ನೋಡಬಾರದು, ಇನ್ನೊಮ್ಮೆ ಹೀಗೆ ಕೇಳಿಬಂದರೆ ನಿಮ್ಮ ಮನೆಗೆ ಕೊಡುವುದನ್ನೇ ನಿಲ್ಲಿಸುತ್ತೇನೆ ಅಂತ ಎಲ್ಲರೆದುರು ಗದರಿದರು. ತಪ್ಪಾಯಿತು ಅಂದೆ. ನನ್ನ ಮಾತ್ರೆಯನ್ನು ನಾನು ತಿಂದದ್ದಕ್ಕೆ ತಪ್ಪಾಯಿತು ಅಂತ ಕೈ ಮುಗಿದು ಸಾಲಿಗೆ ವಾಪಸ್ಸು ಬಂದು ನಿಂತೆ.

ಹೋದ ಭಾನುವಾರದ ಸಭೆಯಲ್ಲಿ ಜನ ಜಾಸ್ತಿ ಇದ್ದರು. ನನ್ನ ಗಂಡ ಮೈಕ್ ಹಿಡಿದು ಹಳೆಯದನ್ನು ಎರಡು ಮಾತಿನಲ್ಲಿ ಮುಗಿಸಿದರು. ಆಮೇಲೆ ಹೊಸದೊಂದನ್ನು ತೆಗೆದರು.

"ಒಂದು ಸಂಜೆ ಮಗಳು ಪ್ಯಾಕೆಟ್ ಬಚ್ಚಿಟ್ಟಿದ್ದಕ್ಕೆ, ಎಲ್ಲಿಟ್ಟಿದೀಯ ಹೇಳು ಅಂತ ಅವಳ ಕೈ ಹಿಡಿದು ಕಾದ ಹಂಚಿನ ಮೇಲೆ ಒತ್ತಿದೆ. ಹೇಳೋ ತನಕ ಬಿಡ್ಲಿಲ್ಲ. ಆಗ ಅವಳಿಗೆ ಒಂಬತ್ತು ವರ್ಷ."

ಹಾಲ್‌ನಲ್ಲಿ ಯಾರೋ ಅಯ್ಯೋ ಅಂದರು. ನನಗೆ ಮೊದಲು ಬಂದದ್ದು ಕೋಪ, ಈ ಮನುಷ್ಯ ಕಥೆ ಕಟ್ಟಲೂ ಕಲಿತುಬಿಟ್ಟರಲ್ಲ ಅಂತ. ಮಗಳ ಬಲಗೈ ಮೇಲೆ ಒಂದು ಕಲೆ ಇದೆ. ದೋಸೆ ಹುಯ್ಯಲು ಹೋಗಿ ಹಂಚು ತಾಗಿದ್ದು ಅಂತ ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ, ಕೇಳಿದವರಿಗೆಲ್ಲ ನಾನೂ ಹಾಗೇ ಹೇಳಿಕೊಂಡು ಬಂದಿದ್ದೇನೆ. ಹೆಂಗಸರು ಎದ್ದು ಬಂದು ನನ್ನ ತಲೆ ಸವರಿದರು. ಒಬ್ಬಾಕೆ ನನ್ನ ಗಂಡನತ್ತ ನೋಡಿ ನೆಟಿಗೆ ಮುರಿದಳು. ನಾನು ಎಂದಿನಂತೆ ಸಾಲಿನಲ್ಲಿ ನಿಂತು ಸ್ಟ್ರಿಪ್ ಇಸಿದುಕೊಂಡೆ.

ಶಿವಮೊಗ್ಗದ ಬಸ್ಸಿನಲ್ಲಿ ಕೂತ ಮೇಲೆ ಕೇಳಿದೆ, ಇಲ್ಲದ್ದನ್ನೆಲ್ಲ ಯಾಕೆ ಹೇಳ್ತೀರಿ, ನಾನು ಯಾವತ್ತು ಮಗು ಮೇಲೆ ಕೈ ಮಾಡಿದ್ದೆ ಅಂತ.

"ನಿನಗೆ ನೆನಪಿರಲ್ಲ ಬಿಡು," ಅಂದರು.

ಕಿಟಕಿಯ ಸರಳು ಹಿಡಿದುಕೊಂಡೆ. ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಹೇಳಿದ್ದರೆ ನೀನು ಆ ಸಂಕಟಕ್ಕೆ ಇನ್ನಷ್ಟು ಕುಡಿಯುತ್ತಿದ್ದೆ, ಅಮ್ಮನಿಗೆ ಹೇಳಬೇಡ ಅಂತ ಮಗಳಿಗೂ ನಾನೇ ಹೇಳಿದ್ದೆ ಅಂದರು. ಹಾಗಾದರೆ ಇವತ್ತು ಯಾಕೆ ಹೇಳಿದಿರಿ, ಅದೂ ಮೈಕಿನಲ್ಲಿ? ಅವರು ಟಿಕೆಟ್ಟನ್ನು ಮಡಚಿ ಜೇಬಿಗೆ ಹಾಕಿಕೊಂಡರು.

"ಅದದೇ ಕೇಳಿ ಕೇಳಿ ಜನಕ್ಕೆ ಬೇಜಾರಾಗಿತ್ತು."

ಅವರ ಮುಖ ನೋಡಿದೆ. ಕೆಟ್ಟ ಮುಖವೇನಲ್ಲ, ಮೊದಲಿನದೇ ಮುಖ, ಅದೇ ವಿಭೂತಿ. ಮುಂದಿನ ಭಾನುವಾರ ದೊಡ್ಡ ಸಮಾವೇಶ ಇದೆ, ಮಗಳನ್ನೂ ವೇದಿಕೆಗೆ ಕರೆದುಕೊಂಡು ಬನ್ನಿ, ಆ ಕೈ ನೋಡಿದರೆ ಹತ್ತು ಜನವಾದರೂ ಕುಡಿತ ಬಿಡುತ್ತಾರೆ ಅಂತ ಹಿರಿಯರು ಇವತ್ತು ಹೇಳಿದರಂತೆ. ಆಗಲಿ ಅಂತ ಒಪ್ಪಿಕೊಂಡು ಬಂದಿದ್ದರು. ನಾನು ಸಾಯಿಸಿಬಿಡ್ತೀನಿ ನಿಮ್ಮನ್ನ ಅಂದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ಇವರು ಅವರಿಗೆ ಒಂದು ನಗೆ ಬೀರಿ ಕಣ್ಣು ಮುಚ್ಚಿಕೊಂಡರು.

ಮನೆಗೆ ಬಂದಾಗ ಮಗಳು ಯೂನಿಫಾರಂ ಇಸ್ತ್ರಿ ಮಾಡುತ್ತಿದ್ದಳು. ಅವಳ ಅಪ್ಪ ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ನಾನು ಹೋಗಿ ಅವಳ ಬಲಗೈ ಹಿಡಿದುಕೊಂಡೆ. ಕಲೆ ಅಂಗೈಯಿಂದ ಮಣಿಕಟ್ಟಿನ ತನಕ ಇದೆ. ದೋಸೆ ಹುಯ್ಯುವಾಗ ಹಂಚು ತಾಗಿದರೆ ಅಂಗೈ ಪೂರ್ತಿ ಸುಡುತ್ತದೆಯೇ? ಒಂದು ಸಲವೂ ಯೋಚಿಸಿರಲಿಲ್ಲ ನಾನು. ನನ್ನ ಹೊಟ್ಟೆಗೆ ಬೆಂಕಿ ಬೀಳಲಿ. ಇದು ಹೇಗಾಯ್ತು ಅಂತ ಕೇಳಿದೆ. ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು, ಕೈ ಬಿಡಿಸಿಕೊಳ್ಳಲಿಲ್ಲ.

"ಅಪ್ಪ ಅದನ್ನೂ ಹೇಳಿಬಿಟ್ರಾ?"

ನೆಲದ ಮೇಲೆ ಕೂತುಬಿಟ್ಟೆ. ಅವಳ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಎಷ್ಟೋ ಹೊತ್ತು ಅತ್ತೆ. ಅವಳು ಅಳಲಿಲ್ಲ. ಯೂನಿಫಾರಂ ಸುಕ್ಕಾಗುತ್ತೆ ಏಳು ಅಂದಳು. ಎದ್ದೆ. ನೀನು ಮುಂದಿನ ಭಾನುವಾರ ಬರಬೇಡ, ಅಪ್ಪ ಕೇಳಿದರೂ ಬರಲ್ಲ ಅನ್ನು, ನಾನು ಜಗಳ ಆಡ್ತೀನಿ ಅಂದೆ. ಅಪ್ಪ ನಿನ್ನೆಯೇ ಕೇಳಿದ್ದರು, ಬರ್ತೀನಿ ಅಂದಿದ್ದೇನೆ ಅಂದಳು. ಹಾಗಾದರೆ ಹಿರಿಯರು ಇವತ್ತು ಹೇಳಿದರು ಅಂದದ್ದೂ ಸುಳ್ಳೇ. ಯಾಕೆ ಒಪ್ಪಿದೆ, ಅಷ್ಟು ಜನರ ಮುಂದೆ ಕೈ ತೋರಿಸ್ತೀಯಾ, ಯಾಕೆ ಅಂತ ಅವಳ ಭುಜ ಹಿಡಿದು ಅಲ್ಲಾಡಿಸಿದೆ.

ಅವಳು ನನ್ನ ಕೈಯನ್ನು ಭುಜದಿಂದ ಮೆಲ್ಲಗೆ ತೆಗೆದಿಟ್ಟಳು. ಮತ್ತೆ ಪೆಟ್ಟಿಗೆ ಎತ್ತಿಕೊಂಡಳು.

"ನಿನಗೆ ಮಾತ್ರೆ ಬೇಕಲ್ವಾ ಅಮ್ಮ."

ಅವಳು ಕಾಲರ್ ಮುಗಿಸಿ ತೋಳಿಗೆ ಬರುವ ತನಕ ಅಲ್ಲೇ ನಿಂತಿದ್ದೆ. ಹಿತ್ತಲಿನಲ್ಲಿ ನೀರಿನ ಸದ್ದು ನಿಂತಿತು. ಬೇಡ ಅನ್ನಬೇಕು ಅಂತಲೇ ಬಾಯಿ ತೆರೆದೆ.

ಬೇಕು ಅಂದೆ.